ಕ್ಯಾತನಹಳ್ಳಿ ಗೇಟಿನಲ್ಲಿ ಮೌನೇಶ್

ಗಂಜಾಂನ ಕೃಷ್ಣಮೂರ್ತಿ ಆಚಾರ್ಯರದು ಅಕ್ಕಸಾಲಿ ಮನೆತನ. ಮಗ ಹುಟ್ಟಿದಾಗ ತಮ್ಮ ಕುಲಗುರುಗಳ ನೆನಪಿಗೆ ಮೌನೇಶ್ ಎಂದು ಹೆಸರಿಟ್ಟರು. ಆ ಹೆಸರಿಗೂ ಆ ಮಗನಿಗೂ ಕೊನೆಗೂ ಹೊಂದಾಣಿಕೆ ಆಗಲಿಲ್ಲ. ಕುಲುಮೆಯ ಮುಂದೆ ಕೂರಿಸಿ ಊದುಗೊಳವೆ ಕೈಗೆ ಕೊಟ್ಟರೆ ಊದುವುದನ್ನು ಬಿಟ್ಟು ಮಾತಾಡುತ್ತಾ ಕೂರುತ್ತಿದ್ದ, ಬೆಂಕಿ ಆರಿಹೋಗುತ್ತಿತ್ತು. ಹೀಗೆ ಹಲವು ಸಲ ಬೆಂಕಿ ಆರಿದ ಮೇಲೆ ಆಚಾರ್ಯರು, "ನೀನು ಕೂತು ಮಾಡೋ ಕೆಲಸಕ್ಕೆ ಹುಟ್ಟಿದವನಲ್ಲಪ್ಪ, ತಿರುಗೋ ಕೆಲಸ ನೋಡ್ಕೋ" ಎಂದುಬಿಟ್ಟರು.

ಮೌನೇಶ್ ತಿರುಗುವ ಕೆಲಸವನ್ನೇ ನೋಡಿಕೊಂಡ. ತರಬೇತಿ ಪಡೆದು ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿಸುವವನಾದ. ಹಸು ಬೆದೆಗೆ ಬಂದಿದೆ ಎಂದು ರೈತರು ಫೋನ್ ಮಾಡುತ್ತಾರೆ. ಇವನು ದ್ರವ ಸಾರಜನಕದ ಕ್ಯಾನಿನಲ್ಲಿ ಹೋರಿಯ ವೀರ್ಯದ ಸಣ್ಣ ಸಣ್ಣ ಸ್ಟ್ರಾಗಳನ್ನು ಇಟ್ಟುಕೊಂಡು ಬೈಕಿನಲ್ಲಿ ಹೋಗುತ್ತಾನೆ. ಬೆದೆಗೆ ನಮ್ಮ ಕಡೆ ಎಲ್ಲರೂ ಹೇಳುವುದು ಹೀಟು ಎಂದೇ. ಹೀಟು ಕಾಯುವುದಿಲ್ಲ. ಹೊತ್ತು ಮೀರಿದರೆ ಮತ್ತೆ ಮೂರು ವಾರ ಹಸುವಿನ ಮುಖ ನೋಡಿಕೊಂಡು ಕೂರಬೇಕು. ಹಾಗಾಗಿ ಶ್ರೀರಂಗಪಟ್ಟಣದಿಂದ ಪಾಂಡವಪುರದವರೆಗೆ ಇವನ ಫೋನ್ ನಂಬರು ಇಲ್ಲದ ಕೊಟ್ಟಿಗೆ ಇರಲಿಲ್ಲ. ಜನ ಬೇಕಾದಾಗ 'ಡಾಕ್ಟ್ರೇ' ಎನ್ನುತ್ತಿದ್ದರು, ಸಿಟ್ಟು ಬಂದಾಗ 'ಆಚಾರಿ' ಎನ್ನುತ್ತಿದ್ದರು.

ಸಿಟ್ಟು ಬರಲು ಕಾರಣವಿತ್ತು. ಮೌನೇಶ್ ಕೆಲಸದಲ್ಲಿ ಚೊಕ್ಕ, ಕೈಗುಣವೂ ಒಳ್ಳೆಯದು. ಆದರೆ ಫೋನಿನಲ್ಲಿ ಸುಳ್ಳು ಹೇಳುತ್ತಿದ್ದ. ಗಂಜಾಂನ ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಕೂತಿರುವಾಗ ಕ್ಯಾತನಹಳ್ಳಿಯ ದೊಡ್ಡತಾಯಮ್ಮನ ಫೋನು ಬರುತ್ತಿತ್ತು.

"ಡಾಕ್ಟ್ರೇ, ಎಲ್ಲಿದ್ದೀಯಪ್ಪ? ಅಸ ಈಟಿಗೆ ಬಂದ್ಬುಟ್ಟದೆ."

"ಬಂದೆ ಕಣವ್ವ. ಕ್ಯಾತನಹಳ್ಳಿ ಗೇಟಲ್ಲೇ ಇವ್ನಿ. ಐದೇ ನಿಮಿಷ."

ಅವನ ಹೆಂಡತಿ ವೀಣ ಚಟ್ನಿ ಬಡಿಸುತ್ತಾ ಕೇಳುತ್ತಿದ್ದಳು: "ಕ್ಯಾತನಹಳ್ಳಿ ಗೇಟು ನಮ್ಮ ಅಡುಗೆಮನೆಗೆ ಯಾವಾಗ ಬಂತು ರೀ?"

ಇದರಲ್ಲಿ ಕೆಟ್ಟ ಬುದ್ಧಿ ಏನೂ ಇರಲಿಲ್ಲ. ಯಾರಿಗೂ ಬೇಸರವಾಗಬಾರದು ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತಿದ್ದ. ಹೇಳಿದ ಮೇಲೆ ಮಾತ್ರ ಭಯವಾಗುತ್ತಿತ್ತು. ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದು, ಆಡಿದ ಸುಳ್ಳನ್ನು ಹೇಗಾದರೂ ನಿಜ ಮಾಡಬೇಕೆಂದು ಹಳೆಯ ಆರ್‌ಎಕ್ಸ್ ಹಂಡ್ರೆಡ್ ಬೈಕು ಹತ್ತಿ ಹಾರುತ್ತಿದ್ದ. ಕಬ್ಬಿನ ಟ್ರಾಕ್ಟರುಗಳ ಪಕ್ಕ ತೂರಿ, ನಾಲೆ ಏರಿಯ ಕೆಸರಿನಲ್ಲಿ ಜಾರಿ, ಕಾಲು ಕೊಟ್ಟು ಎದ್ದು ಹೋಗುತ್ತಿದ್ದ. ಬೈಕಿನ ಹಿಂದಿನ ಬ್ರೇಕು ಯಾವ ಕಾಲದಲ್ಲೋ ಸತ್ತಿತ್ತು. ಮುಂದಿನದು ತನಗೆ ಇಷ್ಟ ಬಂದಾಗ ಹಿಡಿಯುತ್ತಿತ್ತು. ಕ್ಯಾನನ್ನು ಬಲಗಡೆಗೆ ಕಟ್ಟಿಕೊಳ್ಳುತ್ತಿದ್ದುದರಿಂದ ಬಲಕ್ಕೆ ವಾಲಿದರೆ ಅದು ನೆಲಕ್ಕೆ ತಾಗುವ ಅಪಾಯ; ಅದಕ್ಕೇ ಸಾಧ್ಯವಾದ ಕಡೆಯೆಲ್ಲ ಎಡಕ್ಕೆ ತಿರುಗುವ ದಾರಿಗಳನ್ನೇ ಹುಡುಕಿಕೊಂಡಿದ್ದ. ಹೀಗೆ ಹದಿನೆಂಟು ವರ್ಷ ಸುಳ್ಳು ಹೇಳಿ ಹೇಳಿ, ಮೌನೇಶ್ ತನಗೇ ಗೊತ್ತಿಲ್ಲದಂತೆ ಒಂದು ವಿದ್ಯೆ ಕಲಿತಿದ್ದ.

ಅದು ವಿದ್ಯೆ ಎಂದು ಗೊತ್ತಾದದ್ದು ಕಿಶನ್‌ನಿಂದ. ಕ್ಯಾತನಹಳ್ಳಿಯ ರಂಗಸ್ವಾಮಿ ಗೌಡರ ಮಗ ಕಿಶನ್‌ಗೆ ಬೈಕ್ ರೇಸಿನ ಹುಚ್ಚು. ಮೈಸೂರಿನ ಒಂದು ಕ್ಲಬ್ಬಿನವರನ್ನು ಕಟ್ಟಿಕೊಂಡು, ಅವರಿವರ ಕಾಲು ಹಿಡಿದು, ಸ್ಪೀಡ್‌ವೇ ಎಂಬ ಬೈಕ್ ಪಂದ್ಯದ ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್ಪಿಗೆ ನಮ್ಮ ದೇಶದ ಅರ್ಹತಾ ಸುತ್ತನ್ನು ತನ್ನ ಊರಿಗೇ ತಂದಿದ್ದ. ಕಬ್ಬು ಕಡಿದು ಖಾಲಿಯಾಗಿದ್ದ ಅಪ್ಪನ ಜಮೀನಿನಲ್ಲಿ ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕು ಎದ್ದಿತು. ಮೇಲೆ ಕ್ರಷರ್ ಧೂಳು ಹರಡಿ ರೋಲರು ಓಡಿಸಿದರು. ಗೌಡರು ಬದುವಿನ ಮೇಲೆ ನಿಂತು, "ಇದ್ರಲ್ಲಿ ಮತ್ತೆ ಕಬ್ಬು ಬೆಳೀತದೇನ್ಲಾ?" ಎಂದು ದಿನಾ ಕೇಳುತ್ತಿದ್ದರು. ಕಿಶನ್ ದಿನಾ "ಬೆಳೀತದೆ ಬುಡಪ್ಪ" ಎನ್ನುತ್ತಿದ್ದ.

ಪಂದ್ಯಕ್ಕೆ ಮೂರು ದಿನ ಮುಂಚೆ ಕೊಲ್ಲಾಪುರ, ಕೊಯಮತ್ತೂರು, ಪುಣೆ, ಕೊಚ್ಚಿಯಿಂದ ಬಂದ ಸವಾರರು ಅಲ್ಲಿ ಅಭ್ಯಾಸ ಮಾಡುತ್ತಿದ್ದರು. ಪೋಲೆಂಡಿನಿಂದ ಬಂದ ರೆಫರಿಯೊಬ್ಬರು ಛತ್ರಿ ಹಿಡಿದು ನೋಡುತ್ತಿದ್ದರು. ಅದೇ ಹೊತ್ತಿಗೆ ಗೌಡರ ಎಚ್‌ಎಫ್ ತಳಿಯ ಹಸು ಹೀಟಿಗೆ ಬಂದಿತ್ತು. ಮೌನೇಶ್ ಫೋನಿನಲ್ಲಿ, "ನಿಮ್ಮ ಕೊಟ್ಟಿಗೆ ಹಿಂದೇನೇ ಇವ್ನಿ ಗೌಡ್ರೇ" ಎಂದುಬಿಟ್ಟಿದ್ದ. ಆಗ ಇದ್ದದ್ದು ಬೆಳಗೊಳದಲ್ಲಿ. ಕ್ಯಾತನಹಳ್ಳಿಗೆ ಬಂದವನಿಗೆ ರಸ್ತೆಗೂ ಕೊಟ್ಟಿಗೆಗೂ ನಡುವೆ ಹೊಸದೊಂದು ಬಯಲು ಕಂಡಿತು. ಸುತ್ತಿಕೊಂಡು ಹೋಗುವಷ್ಟು ಪುರುಸೊತ್ತು ಇರಲಿಲ್ಲ. ನುಗ್ಗಿಯೇಬಿಟ್ಟ. ತಿರುವಿನಲ್ಲಿ ಹಿಂದಿನ ಚಕ್ರ ಜಾರಿಸಿ, ಎಡಗಾಲನ್ನು ನೆಲಕ್ಕೆ ಊರಿ, ಬಲಗಡೆ ಹಬೆಯಾಡುವ ಕ್ಯಾನನ್ನು ಹೊತ್ತು, ಅಭ್ಯಾಸ ಮಾಡುತ್ತಿದ್ದ ಪುಣೆಯವನನ್ನು ಒಳಗಿನಿಂದ ಹಿಂದೆ ಹಾಕಿ, ನೇರ ಕೊಟ್ಟಿಗೆಯ ಮುಂದಿನ ಹುಲ್ಲಿನ ಮೆದೆಗೆ ಹೋಗಿ ನಿಂತ.

ಪೋಲೆಂಡಿನ ಸಾಹೇಬರು ಛತ್ರಿ ಮಡಚಿದರು. "ಆತ ಯಾರು?" ಎಂದು ಕಿಶನ್‌ನನ್ನು ಕೇಳಿದರು. ಹಸುವಿನ ಗರ್ಭಧಾರಣೆಗೆ ಬಂದವನು ಎಂಬುದನ್ನು ಇಂಗ್ಲಿಷಿನಲ್ಲಿ ಮರ್ಯಾದೆಯಾಗಿ ಹೇಳುವುದು ಹೇಗೆಂದು ತಿಳಿಯದೆ ಕಿಶನ್, "ಡಾಕ್ಟರು" ಎಂದ.

ಮರುದಿನ ನಾಗಪುರದ ಸವಾರನೊಬ್ಬ ಅಭ್ಯಾಸದಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡ. ಹದಿನಾರು ಜನ ಇಲ್ಲದಿದ್ದರೆ ಸುತ್ತೇ ನಡೆಯುವುದಿಲ್ಲ. ಕಿಶನ್ ಗಂಜಾಂಗೆ ಓಡಿಬಂದ. ಮೌನೇಶ್ ಮನೆಯ ಜಗಲಿಯ ಮೇಲೆ ಕೂತು, ಫೋನಿನಲ್ಲಿ ಯಾರಿಗೋ ತಾನು ಪಾಂಡವಪುರ ಸ್ಟೇಷನ್ ದಾಟಿದ್ದೇನೆ ಎಂದು ಹೇಳುತ್ತಿದ್ದ.

"ಮೌನೇಶಣ್ಣ, ಬೈಕ್ ನಾವೇ ಕೊಡ್ತೀವಿ. ನಾಲ್ಕು ಜನ ಒಟ್ಟಿಗೆ ನಾಲ್ಕು ಸುತ್ತು ಓಡ್ಸೋದು. ಬರೀ ಎಡಕ್ಕೆ ತಿರುಗೋದು. ಒಂದೇ ಗೇರು. ಬ್ರೇಕ್ ಇರಲ್ಲ."

"ನನ್ ಗಾಡೀಗೂ ಇಲ್ಲ ಬುಡು."

"ಅಂಗೇ ಅನ್ಕೊಂಡೆ. ಒಟ್ಟು ಇಪ್ಪತ್ತು ಹೀಟ್ ಇರ್ತವೆ. ನಿನಗೆ ಐದು ಬರ್ತವೆ."

ಮೌನೇಶ್ ಗಾಬರಿಯಾದ. "ಒಂದೇ ದಿನಕ್ಕೆ ಇಪ್ಪತ್ತು ಈಟಾ? ಅಷ್ಟು ಸ್ಟ್ರಾ ಎಲ್ಲಿಂದ ತರ್ಲಿ ಕಿಶನ್ನು?"

ಪಂದ್ಯದ ಒಂದೊಂದು ಓಟಕ್ಕೂ ಹೀಟ್ ಎಂದೇ ಹೆಸರು ಎಂದು ಕಿಶನ್ ಬಿಡಿಸಿ ಹೇಳಬೇಕಾಯಿತು. ಗೆದ್ದವನಿಗೆ ಮೂರು ಅಂಕ, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು, ಕೊನೆಯವನಿಗೆ ಸೊನ್ನೆ. ಎಲ್ಲ ಮುಗಿದ ಮೇಲೆ ಹೆಚ್ಚು ಅಂಕದ ಇಬ್ಬರು ಪೋಲೆಂಡಿನಲ್ಲಿ ನಡೆಯುವ ಚಾಂಪಿಯನ್‌ಶಿಪ್ಪಿಗೆ. ಪೋಲೆಂಡ್ ಎಂದೊಡನೆ ಮೌನೇಶ್‌ನ ಕಣ್ಣು ಅರಳಿತು. ಅಲ್ಲಿನ ಹಸುಗಳು ಎಷ್ಟು ಹಾಲು ಕೊಡುತ್ತವೆ ಎಂದು ಕೇಳಿದ. ಕಿಶನ್ ಸುಮ್ಮನೆ "ಬೇಜಾನ್" ಎಂದ.

ಹೀಗೆ ಒಪ್ಪಿಕೊಂಡ ಮೌನೇಶ್ ಮನೆಯಲ್ಲಿ ಮಾತ್ರ ಹೇಳಲಿಲ್ಲ. ಬ್ರೇಕಿಲ್ಲದ ಬೈಕು ಎಂದರೆ ವೀಣ ಬಾಗಿಲು ಹಾಕಿ ಚಿಲಕ ಜಡಿಯುತ್ತಾಳೆಂದು ಗೊತ್ತಿತ್ತು. ಭಾನುವಾರ ನಾಗಮಂಗಲದಲ್ಲಿ ತರಬೇತಿ ಇದೆ ಎಂದ. ಇನ್ನೊಂದು ತೊಡಕು ಉಳಿದಿತ್ತು: ಈ ಪಂದ್ಯದಲ್ಲಿ ನೆಲಕ್ಕೆ ಊರುವ ಎಡಗಾಲಿಗೆ ಉಕ್ಕಿನ ತಳದ ಬೂಟು ಹಾಕಬೇಕು. ಬಂದಿದ್ದವರ ಬೂಟು ಯಾವುದೂ ಇವನ ಅಗಲ ಪಾದಕ್ಕೆ ಹತ್ತಲಿಲ್ಲ. ತಂದೆಯ ಬಳಿ ಹೋಗಿ, "ಅಪ್ಪಾಜಿ, ಹಸುಗಳು ಕಾಲು ತುಳೀತವೆ. ಬೂಟಿನ ಅಡಿಗೆ ಒಂದು ಉಕ್ಕಿನ ಹಾಳೆ ಹೊಂದಿಸಿಕೊಡಿ" ಎಂದ.

"ಹಸು ಮೇಲಿಂದ ತುಳೀತದೆ. ಅಡಿಗೆ ಯಾಕೋ ಉಕ್ಕು?"

"ಈಗಿನ ಹಸುಗಳೇ ಹಂಗೆ ಅಪ್ಪಾಜಿ."

ಆಚಾರ್ಯರಿಗೆ ಅರ್ಥವಾಗಲಿಲ್ಲ. ಆದರೆ ಮಗ ಜೀವಮಾನದಲ್ಲಿ ಮೊದಲ ಸಲ ತಮ್ಮ ಕೈಕೆಲಸ ಕೇಳಿಕೊಂಡು ಬಂದಿದ್ದ. ಕಾಲಿಗೆ ಕಡಗದ ಅಳತೆ ತೆಗೆಯುವಂತೆ ದಾರ ಹಿಡಿದು ಅಳತೆ ತೆಗೆದರು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿದು ಬಗ್ಗಿಸಿದರು. ಅಷ್ಟಕ್ಕೇ ಬಿಡಲು ಮನಸ್ಸು ಒಪ್ಪದೆ ಅಂಚಿನುದ್ದಕ್ಕೂ ಒಂದು ಬಳ್ಳಿ, ತುದಿಯಲ್ಲಿ ಒಂದು ನವಿಲು ಕೆತ್ತಿಕೊಟ್ಟರು.

ಭಾನುವಾರ ಕ್ಯಾತನಹಳ್ಳಿಗೆ ಜನ ಬಂದದ್ದೇ ಬಂದದ್ದು. ಕೆ.ಆರ್. ಪೇಟೆಯಿಂದ ಟೆಂಪೋ ಮಾಡಿಕೊಂಡು ಬಂದಿದ್ದರು. ಮೈಕು ಹಿಡಿಯಲೂ ಕೆ.ಆರ್. ಪೇಟೆಯವನೇ, ಕಬಡ್ಡಿ ಪಂದ್ಯಗಳಲ್ಲಿ ಹೆಸರು ಮಾಡಿದವನು. ಅವನಿಗೆ ಈ ಆಟದ ನಿಯಮ ಗೊತ್ತಿರಲಿಲ್ಲ, ಗಂಟಲು ಮಾತ್ರ ಚೆನ್ನಾಗಿತ್ತು.

"ಮೊದಲನೇ ಹೀಟಿಗೆ ನಮ್ಮ ಗಂಜಾಂನ ಹೆಮ್ಮೆಯ ಹಸುವಿನ ಡಾಕ್ಟರು ಮೌನೇಶ್ ಸಿದ್ಧರಾಗಬೇಕಾಗಿ ವಿನಂತಿ!"

ಗದ್ದೆ ಬದುಗಳ ಮೇಲೆಲ್ಲ ನಗೆ ಹಬ್ಬಿತು. ಹೀಟು ಯಾರಿಗೆ ಎಂದು ಜನ ಒಬ್ಬರನ್ನೊಬ್ಬರು ಕೇಳಿಕೊಂಡರು.

ಮೊದಲ ಹೀಟಿನಲ್ಲಿ ಮೌನೇಶ್ ಸೊನ್ನೆ ಸಂಪಾದಿಸಿದ. ಅಡ್ಡ ಕಟ್ಟಿದ ಟೇಪು ಮೇಲಕ್ಕೆ ಹಾರಿದ ಕೂಡಲೇ ಉಳಿದ ಮೂವರು ಧೂಳೆಬ್ಬಿಸಿಕೊಂಡು ಮಾಯವಾದರು. ಇವನು ಟೇಪು ಎಲ್ಲಿಗೆ ಹೋಯಿತೆಂದು ತಲೆ ಎತ್ತಿ ನೋಡುತ್ತಿದ್ದ. ಆಮೇಲೂ ಅವಸರ ಮಾಡಲಿಲ್ಲ. ಗಾಡಿ ಚೆನ್ನಾಗಿತ್ತು, ಗಾಳಿ ತಂಪಾಗಿತ್ತು, ಬದುವಿನ ಮೇಲೆ ಪರಿಚಯದವರು ನಿಂತಿದ್ದರು. ಇಬ್ಬರಿಗೆ ಕೈ ಎತ್ತಿ ನಮಸ್ಕಾರವನ್ನೂ ಮಾಡಿದ. ಕಿಶನ್ ತಲೆ ಮೇಲೆ ಕೈ ಹೊತ್ತು ಕೂತ.

ಎರಡನೆಯ ಸರದಿಗೆ ಮುಂಚೆ, ಚರ್ಮದ ಉಡುಪಿನ ಒಳಗಿನಿಂದ ಫೋನು ಬಡಿದುಕೊಂಡಿತು. ದೊಡ್ಡತಾಯಮ್ಮ.

"ಡಾಕ್ಟ್ರೇ, ಗೌರಿ ಈಟಿಗೆ ಬಂದವಳೆ. ಬೆಳಗಿಂದ ಒಂದೇ ಸಮನೆ ಕೂಗ್ತಾವಳೆ. ಎಲ್ಲಿದ್ದೀಯಪ್ಪ?"

"ಕ್ಯಾತನಹಳ್ಳಿ ಗೇಟಲ್ಲೇ ಇವ್ನಿ ಕಣವ್ವ. ಐದೇ ನಿಮಿಷ."

"ಅದೇನ್ಲಾ ಸದ್ದು?"

"ಟ್ರಾಕ್ಟರು ಕಣವ್ವ."

ಆ ದಿನ ಅವನು ಹೇಳಿದ್ದು ಬಹುಪಾಲು ನಿಜವೇ ಆಗಿತ್ತು. ದೊಡ್ಡ ರಸ್ತೆಯಿಂದ ಊರಿಗೆ ತಿರುಗುವ ಆ ಗೇಟು ಅಲ್ಲಿಂದ ಕೂಗಳತೆಯಲ್ಲಿತ್ತು, ದೊಡ್ಡತಾಯಮ್ಮನ ಮನೆ ಟ್ರ್ಯಾಕಿನ ಹಿಂದಿನ ಬೀದಿಯಲ್ಲಿತ್ತು. ಆದರೆ ಪಂದ್ಯ ಮುಗಿಯುವವರೆಗೆ ಸವಾರರು ಬೈಕು ನಿಲ್ಲಿಸುವ ಆವರಣ ಬಿಟ್ಟು ಹೊರಗೆ ಹೋಗುವಂತಿಲ್ಲ. ಐದು ನಿಮಿಷ ಎಂದಾಗಿದೆ, ಹೋಗುವ ಹಾಗಿಲ್ಲ. ಮೌನೇಶ್‌ಗೆ ಆಡಿದ ಸುಳ್ಳನ್ನು ನಿಜ ಮಾಡಬೇಕೆಂಬ ಹದಿನೆಂಟು ವರ್ಷದ ಆ ಹಳೆಯ ಅವಸರ ಶುರುವಾಯಿತು. ಟೇಪು ಹಾರಿತು. ಈ ಸಲ ಅವನು ಟೇಪಿಗಿಂತ ಮುಂಚೆಯೇ ಹೋದನೇನೋ ಎಂದು ಸಾಹೇಬರು ವಿಡಿಯೋ ತರಿಸಿ ನೋಡಿದರು. ತಪ್ಪೇನೂ ಕಾಣಲಿಲ್ಲ. ಮೊದಲ ತಿರುವಿನಲ್ಲೇ ಗಾಡಿಯನ್ನು ಅಡ್ಡ ಮಲಗಿಸಿ, ನವಿಲಿನ ಬೂಟಿನಿಂದ ಕಿಡಿ ಹಾರಿಸಿಕೊಂಡು, ಉಳಿದವರು ಎರಡನೇ ತಿರುವಿಗೆ ಬರುವ ಮುಂಚೆ ನೇರ ದಾರಿಯ ಅರ್ಧ ಮುಗಿಸಿದ್ದ. ಮೂರು ಅಂಕ.

ಮೂರನೆಯ ಸರದಿಗೂ ಮುಂಚೆ ಫೋನು ಬಂತು. "ಐದು ನಿಮಿಷ ಅಂದೋನು ಎಲ್ಲೋದೆ?" "ರೈಲ್ವೆ ಗೇಟ್ ಹಾಕ್ಬುಟ್ಟವ್ರೆ ಕಣವ್ವ, ಈಗ ತೆಗೀತಾರೆ." ಮತ್ತೆ ಮೂರು ಅಂಕ. ಕ್ಯಾತನಹಳ್ಳಿ ಗೇಟಿನಲ್ಲಿ ರೈಲ್ವೆ ಹಳಿ ಇಲ್ಲವೆಂಬುದು ಅವನಿಗೆ ಓಟ ಮುಗಿದ ಮೇಲೆ ನೆನಪಾಯಿತು.

ಕಿಶನ್ ದಡ್ಡನಲ್ಲ. ಫೋನಿಗೂ ಗೆಲುವಿಗೂ ಇದ್ದ ನಂಟು ಅವನಿಗೆ ಹೊಳೆದುಹೋಗಿತ್ತು. ನಾಲ್ಕನೆಯ ಸರದಿ ಬಂದರೂ ಫೋನು ಬರದಿದ್ದಾಗ ಅಪ್ಪನ ಹತ್ತಿರ ಓಡಿದ. "ಅಪ್ಪ, ಮೌನೇಶಣ್ಣಂಗೆ ಫೋನ್ ಮಾಡಿ ಅಸ ಈಟಿಗೆ ಬಂದದೆ, ಎಲ್ಲಿದ್ದೀಯಾ ಅಂತ ಬಯ್ಯಿ."

"ನಮ್ಮಸೀಗೆ ಮೊನ್ನೆ ತಾನೆ ಮಾಡ್ಸಿದ್ದೀವಲ್ಲಾ?"

"ಸುಮ್ನೆ ಬಯ್ಯಪ್ಪ!"

ಗೌಡರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಫೋನು ಹಿಡಿದು, "ಮೌನೇಸಪ್ಪ, ಅಸ ಈಟಿಗೆ ಬಂದದಂತೆ. ಬಯ್ಯಬೇಕಂತೆ. ಕಿಶನ್ನು ಯೋಳ್ದ" ಎಂದರು. ಅಷ್ಟು ಬಯ್ಗುಳಕ್ಕೆ ಮೌನೇಶ್ ಎರಡನೆಯವನಾಗಿ ಬಂದ. ಎರಡು ಅಂಕ.

ಅಲ್ಲಿಗೆ ಎಂಟು. ಆ ದಿನ ಗಾಡಿಯೂ ಟ್ರ್ಯಾಕೂ ಎಲ್ಲರಿಗೂ ಹೊಸತಾಗಿ, ಹೆಸರುವಾಸಿ ಸವಾರರೇ ಸಾಲಾಗಿ ಬಿದ್ದಿದ್ದರು. ಕೊನೆಯ ಹೀಟಿನಲ್ಲಿ ಎರಡನೆಯವನಾಗಿ ಬಂದರೂ ಸಾಕು, ಪೋಲೆಂಡು. ಮೈಕಿನವನು ಕಬಡ್ಡಿಯ ಗಂಟಲಿನಲ್ಲಿ ಊರಿಗೆಲ್ಲ ಕೇಳುವಂತೆ ಕೂಗಿದ: "ಗಂಜಾಂನ ಮೌನೇಶ್! ಇದೇ ಟ್ರ್ಯಾಕಿನಲ್ಲಿ ಬೆಳಿಗ್ಗೆಯಿಂದ ಧೂಳೆಬ್ಬಿಸುತ್ತಿರುವ ನಮ್ಮ ಮೌನೇಶ್!"

ಹಿಂದಿನ ಬೀದಿಯಲ್ಲಿ ದೊಡ್ಡತಾಯಮ್ಮ ಇದನ್ನು ಕೇಳಿಸಿಕೊಂಡಳು. ಅಷ್ಟರಲ್ಲಿ ಅವಳು ವೀಣಳಿಗೂ ಒಂದು ಫೋನು ಮಾಡಿ, "ನಾಗಮಂಗಲದಲ್ಲಿ ತರಬೇತಿ" ಎಂಬ ಉತ್ತರ ಪಡೆದಿದ್ದಳು. ನಾಗಮಂಗಲದಲ್ಲಿರುವವನು ಗೇಟಿನಲ್ಲಿದ್ದಾನೆ, ಗೇಟಿನಲ್ಲಿರುವವನು ಮೈಕಿನಲ್ಲಿದ್ದಾನೆ. ಮುದುಕಿ ಗೌರಿಯ ಹಗ್ಗ ಬಿಚ್ಚಿದಳು.

ಬಾಗಿಲು ಕಾಯುವವನು ಅಡ್ಡ ಬಂದು, "ಅಜ್ಜಿ, ಪಾಸ್ ಬೇಕು" ಎಂದ.

"ನಂಗೋ ಅಸೀಗೋ?" ಎಂದು ಕೇಳಿದ ದೊಡ್ಡತಾಯಮ್ಮ ಉತ್ತರಕ್ಕೆ ಕಾಯಲಿಲ್ಲ. ಗೌರಿಯೂ ಕಾಯಲಿಲ್ಲ. ಸವಾರರ ಆವರಣದಲ್ಲಿ ಬೈಕುಗಳ ನಡುವೆ ಒಂದು ಕೆಂಪು ಮಿಶ್ರತಳಿ ಹಸು ಬಂದು ನಿಂತು, ಗಂಟಲು ಬಿಟ್ಟು ಕೂಗಿತು. ಕೊಚ್ಚಿಯವನು ಟೇಬಲ್ ಹತ್ತಿದ.

"ಲೋ ಆಚಾರಿ!" ಎಂದಳು ದೊಡ್ಡತಾಯಮ್ಮ. "ಇದೇನ್ಲಾ ನಿನ್ನ ಗೇಟು?"

ಮೌನೇಶ್ ಹೆಲ್ಮೆಟ್ ಒಳಗೆ ಅಡಗಲು ನೋಡಿದ. ಆಗಲಿಲ್ಲ.

"ಇಲ್ಲೇ ಇದ್ನಲ್ಲವ್ವ. ಈಗ ಬರೋನಿದ್ದೆ."

"ರೈಲ್ವೆ ಗೇಟ್ ಹಾಕವ್ರೆ ಅಂದಲ್ಲಾ, ಎಲ್ಲಿ ರೈಲು? ಇವೇನಾ?" ಎಂದು ಬೈಕುಗಳ ಕಡೆ ಕೈ ತೋರಿಸಿದಳು. "ಅಸೀನ ನಾನೇ ತಂದಿವ್ನಿ. ಮೊದ್ಲು ಇವಳದ್ದು ಮುಗ್ಸು. ಆಮೇಲೆ ನಿನ್ನ ಗಾಡಿ ತಿರುಗ್ಸು."

ಟ್ರ್ಯಾಕಿಗೆ ನೀರು ಹಾಕಲು ಬಿಡುವು ಕೊಟ್ಟಿದ್ದ ಸಮಯ ಅದು. ಪೋಲೆಂಡಿನ ಸಾಹೇಬರು ಗಲಾಟೆ ಕೇಳಿ ಬಂದರು. ಪಂದ್ಯದ ಆವರಣದಲ್ಲಿ ಹಸು ಇರಬಾರದು ಎಂದು ನಿಯಮಗಳಲ್ಲಿ ಎಲ್ಲೂ ಬರೆದಿರಲಿಲ್ಲವಂತೆ. ಮೌನೇಶ್ ಬೇರೆ ದಾರಿ ಕಾಣದೆ, ರೇಸಿನ ಕೈಗವಸು ಬಿಚ್ಚಿ, ಕೈಗೆ ಹತ್ತಿದ್ದ ಇಂಧನದ ವಾಸನೆ ಹೋಗುವವರೆಗೆ ಸೋಪು ಹಾಕಿ ತೊಳೆದ. ಟೀ ಅಂಗಡಿಯಿಂದ ಬಿಸಿನೀರು ತರಿಸಿ, ಅದಕ್ಕೆ ತಣ್ಣೀರು ಬೆರೆಸಿ ಹದ ಮಾಡಿಕೊಂಡ. ತನ್ನ ಆರ್‌ಎಕ್ಸ್‌ನಿಂದ ಕ್ಯಾನು ಇಳಿಸಿ, ಸ್ಟ್ರಾ ತೆಗೆದು, ನೀರಿನಲ್ಲಿ ಬೆಚ್ಚಗೆ ಮಾಡಿ, ಭುಜದವರೆಗೆ ಪ್ಲಾಸ್ಟಿಕ್ ಕೈಗವಸು ಏರಿಸಿದ. ದೇಶದ ನಾನಾ ಮೂಲೆಗಳ ಸವಾರರು ಅರ್ಧಚಂದ್ರಾಕಾರವಾಗಿ ನಿಂತು ನೋಡಿದರು. ಮೈಕಿನವನಿಗೆ ದೂರದಿಂದ ಏನು ಕಂಡಿತೋ, "ಬಹಳ ರೋಚಕ ಘಟ್ಟ, ವೀಕ್ಷಕರೇ!" ಎಂದು ಕೂಗಿದ. ಕೆಲಸ ಮುಗಿದಾಗ ಸಾಹೇಬರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಗೌರಿ ಸುಮ್ಮನಾಗಿ, ಆವರಣದ ಅಂಚಿನಲ್ಲಿ ಕಟ್ಟಿದ್ದ ಬ್ಯಾನರಿನ ಒಂದು ಮೂಲೆ ತಿನ್ನತೊಡಗಿತು.

"ಆಯ್ತು, ಓಗು ಈಗ" ಎಂದು ದೊಡ್ಡತಾಯಮ್ಮ ಒಂದು ಬಕೆಟ್ ಬೋರಲು ಹಾಕಿ ಕೂತಳು. "ನೋಡಾನ, ಅದೇನು ಓಡುಸ್ತೀಯೋ."

ಐದನೆಯ ಸರದಿ. ಮೌನೇಶ್ ಗೆರೆಯ ಮೇಲೆ ಬಂದು ನಿಂತ. ಇನ್ನು ಯಾರೂ ಅವನಿಗಾಗಿ ಕಾಯುತ್ತಿರಲಿಲ್ಲ. ಯಾವ ಸುಳ್ಳೂ ಬಾಕಿ ಇರಲಿಲ್ಲ. ಹಾಗಾಗಿ ಬೆಳಗಿನಿಂದ ಮೊದಲ ಬಾರಿಗೆ ಅವನು ತಾನು ಕೂತಿದ್ದ ಗಾಡಿಯನ್ನು ಸರಿಯಾಗಿ ನೋಡಿದ. ಹ್ಯಾಂಡಲ್ಲಿನಲ್ಲಿ ಬ್ರೇಕಿನ ಹಿಡಿ ಇಲ್ಲ. ಕಾಲ ಬಳಿಯೂ ಇಲ್ಲ. ಪಕ್ಕದಲ್ಲಿ ಕೊಯಮತ್ತೂರಿನವನ ಮೊಣಕಾಲಿನಲ್ಲಿ ರಕ್ತದ ಕಲೆ. ಎದುರಿಗೆ ಹಲಗೆಯ ಬೇಲಿ. 'ಅಯ್ಯೋ ಶಿವನೇ, ಇದನ್ನ ನಿಲ್ಲಿಸೋದು ಹ್ಯಾಗೆ?' ಎಂಬ ಪ್ರಶ್ನೆ ಅವನ ತಲೆಗೆ ಬಂದದ್ದು ಆಗಲೇ. ಆರ್‌ಎಕ್ಸ್‌ಗಾದರೆ ಕೊನೆಗೆ ಒಂದು ಹುಲ್ಲಿನ ಮೆದೆ ಇರುತ್ತಿತ್ತು.

ಟೇಪು ಹಾರಿತು. ಮೌನೇಶ್ ಹೋದ; ಆದರೆ ಪ್ರತಿ ತಿರುವಿನಲ್ಲೂ ಯೋಚನೆ ಮಾಡಿಕೊಂಡು ಹೋದ. ಯೋಚನೆ ಮಾಡಿದವನು ಆ ಆಟದಲ್ಲಿ ಗೆಲ್ಲುವುದಿಲ್ಲ. ಮುಂದಿದ್ದವರಲ್ಲಿ ಒಬ್ಬ ಜಾರಿ ಬಿದ್ದದ್ದರಿಂದ ಮೂರನೆಯವನಾದ. ಒಂದು ಅಂಕ. ಒಟ್ಟು ಒಂಬತ್ತು, ಪಟ್ಟಿಯಲ್ಲಿ ಮೂರನೆಯ ಸ್ಥಾನ. ಹೋಗುವ ಇಬ್ಬರಲ್ಲಿ ಯಾರಿಗಾದರೂ ತೊಂದರೆಯಾದರೆ ಇವನು ಎಂದು ಸಾಹೇಬರು ಕೈ ಕುಲುಕಿದರು. ನವಿಲಿನ ಬೂಟಿನ ಫೋಟೋ ಕೂಡ ತೆಗೆದುಕೊಂಡರು.

ಮನೆಗೆ ಬಂದಾಗ ವೀಣ ಬಾಗಿಲಿನಲ್ಲೇ ನಿಂತಿದ್ದಳು. ಮಗಳು ಹರ್ಷಿತ ಮೊಬೈಲಿನಲ್ಲಿ ಎಲ್ಲವನ್ನೂ ತೋರಿಸಿಯಾಗಿತ್ತು.

"ತರಬೇತಿ ಹೆಂಗಾಯ್ತು?"

"ಪರವಾಗಿಲ್ಲ."

"ನಾಗಮಂಗಲದ ಹಸುಗಳಿಗೆ ಹೆಲ್ಮೆಟ್ ಹಾಕ್ಕೊಂಡು ಇಂಜೆಕ್ಷನ್ ಕೊಡ್ತಾರಾ?"

ಹಿಂದೆ ನಿಂತಿದ್ದ ಆಚಾರ್ಯರಿಗೆ ಆಗ ಉಕ್ಕಿನ ತಳದ ಗುಟ್ಟು ಅರ್ಥವಾಯಿತು. ಬಯ್ಯಲು ಬಾಯಿ ತೆರೆದವರು, "ನವಿಲು ಸವೀತಾ?" ಎಂದಷ್ಟೇ ಕೇಳಿದರು. ವೀಣ ಎರಡು ದಿನ ಮಾತು ಬಿಟ್ಟಳು. ಮಾತಿಲ್ಲದೆ ಇರುವುದು ಮೌನೇಶ್‌ಗೆ ಎಲುಬು ಮುರಿಯುವುದಕ್ಕಿಂತ ಕಷ್ಟ. ಮೂರನೆಯ ದಿನ ಕಾಲು ಹಿಡಿಯುವುದೊಂದು ಬಾಕಿ, ಉಳಿದದ್ದೆಲ್ಲ ಮಾಡಿದ.

ಒಂದಷ್ಟು ವಾರ ಕಳೆದ ಮೇಲೆ ಕಿಶನ್‌ನ ಫೋನು ಬಂತು. ಆಯ್ಕೆಯಾದ ಇಬ್ಬರಲ್ಲಿ ಒಬ್ಬನಾದ ಕೊಯಮತ್ತೂರಿನವನು ತಂಗಿಯ ಮದುವೆಯಲ್ಲಿ ಛತ್ರದ ಮೆಟ್ಟಿಲಿಂದ ಜಾರಿ ಪಾದ ಮುರಿದುಕೊಂಡಿದ್ದ. "ಮೌನೇಶಣ್ಣ, ನೀನೇ ಹೋಗ್ಬೇಕು! ಪಾಸ್‌ಪೋರ್ಟ್ ಅದೆ ತಾನೆ?"

"ಅದೆ ಕಣಪ್ಪ. ಬೀರುವಲ್ಲೇ ಅದೆ."

ಬೀರುವಿನಲ್ಲಿ ವೀಣಳ ರೇಷ್ಮೆ ಸೀರೆಗಳಿದ್ದವು. ಕಿಶನ್‌ಗೆ ಬೇಸರವಾಗಬಾರದು ಎಂದು ಬಾಯಿ ತಾನಾಗಿ ಹೇಳಿಬಿಟ್ಟಿತ್ತು. ಇದ್ದದ್ದನ್ನು ಹೇಳಿದ್ದರೆ ಕಿಶನ್ ಅಂದೇ ಹೊಸ ಪಾಸ್‌ಪೋರ್ಟನ್ನು ತುರ್ತಿನ ತತ್ಕಾಲ್‌ನಲ್ಲಿ ಮಾಡಿಸುತ್ತಿದ್ದ. ಮೌನೇಶ್ ಗುಟ್ಟಾಗಿ ಮೈಸೂರಿಗೆ ಹೋಗಿ ಮಾಮೂಲಿ ಅರ್ಜಿ ಹಾಕಿ ಬಂದ. ಬರುವಾಗ ಪೋಲೆಂಡಿನ ಚಳಿಗೆಂದು ದಪ್ಪನೆಯ ಸ್ವೆಟರೊಂದನ್ನು ಕೊಂಡು ತಂದ.

ವಿಳಾಸ ಪರಿಶೀಲನೆಗೆ ಪೊಲೀಸಿನವರು ಫೋನು ಮಾಡಿದ ದಿನ ಅವನು ಬೆಳಗೊಳದ ಒಂದು ಕೊಟ್ಟಿಗೆಯಲ್ಲಿದ್ದ.

"ಮೌನೇಶ್ ಅವ್ರಾ? ಎಲ್ಲಿದ್ದೀರಾ?"

"ಮನೇಲೇ ಇದ್ದೀನಿ ಸಾರ್. ಬನ್ನಿ."

ಆ ಕಡೆ ಲೋಟ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ನಾನು ನಿಮ್ಮ ಮನೆ ಜಗಲಿ ಮೇಲೇ ಕೂತಿದ್ದೀನಿ ಕಣ್ರೀ. ನಿಮ್ಮ ಮನೆಯವರು ಕಾಫಿ ಕೊಟ್ಟವ್ರೆ" ಎಂದರು.

ಮೌನೇಶ್ ಬೆಳಗೊಳದಿಂದ ಗಂಜಾಂಗೆ ಬಂದ ವೇಗ ಟ್ರ್ಯಾಕಿನಲ್ಲೂ ಬಂದಿರಲಿಲ್ಲ. ಆದರೂ ಕಾಫಿ ಮುಗಿದಿತ್ತು, ಜಗಲಿ ಖಾಲಿಯಾಗಿತ್ತು. ಮನೆಯಲ್ಲಿ ಇರಲಿಲ್ಲ ಎಂದು ಬರೆದುಕೊಂಡು ಹೋಗಿದ್ದರು; ಬರೆದದ್ದು ನಿಜವೇ. ಮತ್ತೊಮ್ಮೆ ಬರಲು ದಿನಗಳು ಹಿಡಿದವು. ಪಾಸ್‌ಪೋರ್ಟ್ ಕೈಗೆ ಬಂದಾಗ ವೀಸಾಕ್ಕೆ ಸಮಯ ಉಳಿದಿರಲಿಲ್ಲ.

ಕಿಶನ್‌ಗೆ ಹೇಳಲೇಬೇಕಿತ್ತು. ಫೋನಿನಲ್ಲಿ ಹೇಳಿದರೆ ಬಾಯಿ ಮತ್ತೇನಾದರೂ ಸೇರಿಸೀತೆಂದು ಹೆದರಿ ಕ್ಯಾತನಹಳ್ಳಿಗೇ ಹೋದ. ಅಂದು ನಿಧಾನವಾಗಿ ಹೋದ. ಕಿಶನ್ ಪೂರ್ತಿ ಕೇಳಿಸಿಕೊಂಡು, ಎದ್ದು ಟ್ರ್ಯಾಕಿನ ಕಡೆ ನಡೆದುಬಿಟ್ಟ. ಬಯ್ದಿದ್ದರೆ ಚೆನ್ನಾಗಿತ್ತು. ಪೋಲೆಂಡಿಗೆ, ವೀಸಾ ಮೊದಲೇ ಇದ್ದ ನಾಲ್ಕನೆಯ ಸ್ಥಾನದ ಕೊಲ್ಲಾಪುರದವನು ಹೋದ. ಕಿಶನ್‌ಗೆ ಹೇಳಿ ಬಂದ ಸಂಜೆ ಮೌನೇಶ್ ಸ್ವೆಟರಿನ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಜಗಲಿಯಲ್ಲಿ ಕೂತಿದ್ದ. ಫೋನು ಬಡಿದುಕೊಂಡರೂ ತೆಗೆಯಲಿಲ್ಲ. ಅಲ್ಲಿಯವರೆಗೆ ಅವನ ಸುಳ್ಳುಗಳಿಂದ ತಡವಾದದ್ದು ಬೇರೆಯವರಿಗೆ. ಈ ಸಲ ಅವನಿಗೇ ತಡವಾಗಿತ್ತು. ವೀಣ ಬಂದು ಪಕ್ಕದಲ್ಲಿ ಕೂತು, ಚೀಲದೊಳಗಿನ ಸ್ವೆಟರ್ ಬಿಡಿಸಿ ನೋಡಿದಳು. "ಸ್ವೆಟರ್ ಅಪ್ಪಾಜಿಗೆ ಆಗ್ತದೆ ಬಿಡಿ" ಎಂದಳು.

ಅವನು ಪೂರ್ತಿ ಸರಿಹೋದ ಎಂದು ನಾನು ಹೇಳಿದರೆ ಅದೂ ಸುಳ್ಳಾದೀತು. ಆದರೆ ದೊಡ್ಡತಾಯಮ್ಮ ಮೊಮ್ಮಗಳು ಅರ್ಪಿತಳಿಂದ ವಿಡಿಯೋ ಕಾಲ್ ಮಾಡುವುದನ್ನು ಕಲಿತುಬಿಟ್ಟಳು. "ಎಲ್ಲಿದ್ದೀಯಾ? ಸುತ್ತ ತಿರುಗ್ಸಿ ತೋರ್ಸು" ಎನ್ನುತ್ತಾಳೆ. ಅವಳನ್ನು ನೋಡಿ ಊರಿನ ಉಳಿದವರೂ ಕಲಿಯುತ್ತಿದ್ದಾರೆ. ರಂಗಸ್ವಾಮಿ ಗೌಡರು ಜಮೀನು ವಾಪಸು ತೆಗೆದುಕೊಂಡು ಕಬ್ಬು ನಾಟಿ ಮಾಡಿಸಿದರು. ಟ್ರ್ಯಾಕು ಇದ್ದ ಕಡೆಯಲ್ಲಿ ಮಾತ್ರ ಕಬ್ಬು ಕುಳ್ಳಗೆ ಬೆಳೆದು, ಮೊಟ್ಟೆಯಾಕಾರ ಈಗಲೂ ಎದ್ದು ಕಾಣುತ್ತದೆ. ಗೌಡರು ಬಂದವರಿಗೆಲ್ಲ ಅದನ್ನು ತೋರಿಸಿ ಮಗನನ್ನು ಬಯ್ಯುತ್ತಾರೆ.

ಮರುವರ್ಷ ಅರ್ಹತಾ ಸುತ್ತು ಕೊಲ್ಲಾಪುರದಲ್ಲಿ ನಡೆಯಿತು. ಕಿಶನ್ ಸಿಟ್ಟು ಇಳಿಸಿಕೊಂಡು ಬಂದು ಕರೆದ. ಈ ಸಲ ವೀಣಳೂ ಹೊರಟಳು. ರೈಲು ಹತ್ತುವ ಮುಂಚೆ ಫೋನನ್ನು ಅವಳೇ ಇಸಿದುಕೊಂಡು, ಹಸುಗಳ ಕರೆ ಬಂದರೆ, "ಅವ್ರು ಊರಲ್ಲಿಲ್ಲ, ಬೇರೆಯವರನ್ನ ಕರೀರಿ" ಎಂದು ನೇರವಾಗಿ ಹೇಳತೊಡಗಿದಳು. ಮೌನೇಶ್‌ಗೆ ಅದನ್ನು ಕೇಳುವುದೇ ಹಿಂಸೆಯಾಯಿತು. ಆದರೆ ಆ ಕಡೆಯವರು ಯಾರೂ ಬೇಸರ ಮಾಡಿಕೊಳ್ಳಲಿಲ್ಲ. "ಸರಿ ಕಣಮ್ಮ" ಎಂದು ಇಟ್ಟುಬಿಟ್ಟರು. ಅದು ಅವನಿಗೆ ಬಹಳ ಆಶ್ಚರ್ಯ.

ಅಲ್ಲಿ ಅವನು ಹೆದರಿಕೊಂಡೇ ಓಡಿಸಿದ. ಹೆದರಿಕೆ ಎರಡು ಹೀಟು ಕಾಡಿತು, ಮೂರನೆಯದರಲ್ಲಿ ಸ್ವಲ್ಪ ಸಡಿಲಿತು, ನಾಲ್ಕನೆಯದರಲ್ಲಿ ಬಿದ್ದ, ಐದನೆಯದರಲ್ಲಿ ಎರಡನೆಯವನಾಗಿ ಬಂದ. ಒಟ್ಟಿನಲ್ಲಿ ಎಂಟನೆಯ ಸ್ಥಾನ. ಬೆನ್ನಟ್ಟುವವರಿಲ್ಲದೆ, ಕಾಯುವವರಿಲ್ಲದೆ, ತಾನಾಗಿ ಓಡಿಸಿ ಪಡೆದ ಎಂಟನೆಯ ಸ್ಥಾನ. ವಾಪಸು ಬರುವ ರೈಲಿನಲ್ಲಿ ಆ ಕೊನೆಯ ತಿರುವನ್ನು ತೆಗೆದುಕೊಂಡದ್ದು ಹೇಗೆಂದು ವೀಣಳಿಗೆ ಹೇಳಲು ಶುರು ಮಾಡಿದ. ಬೆಳಗಾವಿ ಬಂತು, ಹೋಯಿತು. ಎದುರು ಸೀಟಿನವರೂ ಕೇಳಿಸಿಕೊಳ್ಳತೊಡಗಿದರು. ವೀಣ ಕಡಲೆಕಾಯಿ ಬಿಡಿಸಿ ಅವನ ಕೈಗೆ ಹಾಕುತ್ತಿದ್ದಳು. ಅವನು ಅದನ್ನು ತಿನ್ನಲು ಮರೆತು, ಅದೇ ಕೈಯನ್ನು ಹ್ಯಾಂಡಲ್ಲಿನಂತೆ ಎಡಕ್ಕೆ ತಿರುಗಿಸಿದಾಗ ಕಾಳೆಲ್ಲ ಎದುರಿನವರ ಮಡಿಲಿಗೆ ಬಿತ್ತು.